ಮುಚ್ಚು ಎಂದರೆ ಏನು? – ಯಂತ್ರಕ್ಕೆ ಬರೆದ ಮಾತಿನ ಹೊಣೆ

*ಇಂದಿನ ಧಮ್ಮ ಚಿಂತನೆ*



ಇವತ್ತು ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕೂರೋಣ. ಒಬ್ಬರು ಸೂಚನೆ ಬರೆಯುತ್ತಾರೆ. ಇನ್ನೊಬ್ಬರು ಅನುಮತಿ ಕೊಡುತ್ತಾರೆ. ಕೆಲಸ ಮಾಡುವುದು ಮಾತ್ರ ಒಂದು ಯಂತ್ರ. ಆ ಕೆಲಸ ಕೆಟ್ಟು ಸಾವಿರಾರು ಜನರ ದಾಖಲೆ ಅಳಿಸಿಹೋದರೆ, ಆ ಕಮ್ಮ ಯಾರದು?

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಅವಳ ಕೆಲಸ ಪ್ರೋಗ್ರಾಂ ಬರೆಯುವುದಲ್ಲ. ಪ್ರೋಗ್ರಾಂ ಏನು ಮಾಡುತ್ತದೆ, ಹೇಗೆ ಬಳಸಬೇಕು ಎಂದು ವಿವರಿಸಿ ಬರೆಯುವುದು. ಅದಕ್ಕೆ ಅವರು ಡಾಕ್ಯುಮೆಂಟೇಶನ್ ಅನ್ನುತ್ತಾರೆ. ಹೋದ ತಿಂಗಳು ಫೋನ್ ಮಾಡಿದವಳು ಕೇಳಿದಳು: "ಸರ್, ಇಷ್ಟು ದಿನ ಮನುಷ್ಯರು ಓದಲಿ ಅಂತ ಬರೀತಿದ್ದೆ. ಈಗ ಎಐ ಏಜೆಂಟ್ ಓದಲಿ ಅಂತ ಬರೀಬೇಕು. ಡೇಟಾಬೇಸ್ ನಿಲ್ಲಿಸೋ ಟೂಲ್‌ಗೆ ನಾಲ್ಕು ಸಾಲು ವಿವರಣೆ. ಅದನ್ನ ಓದಿ ಅದು ತಪ್ಪು ತಿಳ್ಕೊಂಡು ಏನಾದ್ರೂ ಅಳಿಸಿಬಿಟ್ರೆ, ಅದು ನನ್ನ ಪಾಪಾನಾ ಸರ್?" ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಅಧ್ಯಯನ ಬಳಗದ ಮುಂದೆ ಇಡಬೇಕು ಅನ್ನಿಸಿತು.

*ಮೊದಲು ವಿಷಯ ತಿಳಿಯೋಣ*

ಡೇಟಾಬೇಸ್ ಎಂದರೆ ದಾಖಲೆಗಳ ಉಗ್ರಾಣ. ಮಕ್ಕಳ ಹೆಸರು, ವಿದ್ಯಾರ್ಥಿವೇತನದ ಪಟ್ಟಿ, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಲೆಕ್ಕ, ಎಲ್ಲ ಇಂಥ ಉಗ್ರಾಣದಲ್ಲಿ ಸಾಲು ಸಾಲಾಗಿ ಇರುತ್ತವೆ. ಈಗ ಎಷ್ಟೋ ಸಂಸ್ಥೆಗಳು ಆ ಕಂಪ್ಯೂಟರನ್ನು ತಮ್ಮ ಕಟ್ಟಡದಲ್ಲಿ ಇಟ್ಟುಕೊಳ್ಳುವುದಿಲ್ಲ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುತ್ತವೆ. ಅದೇ ಕ್ಲೌಡ್. ಬಳಸಿದಷ್ಟು ಹೊತ್ತಿಗೆ ಬಾಡಿಗೆ. ಹಾಗಾಗಿ ರಾತ್ರಿ ಹೊತ್ತು, ರಜೆಯ ದಿನ, ಬೇಡದ ಡೇಟಾಬೇಸನ್ನು ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ. ನಿಲ್ಲಿಸುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನ್ ಆರಿಸಿದ ಹಾಗೆ ಅದು.

ಈ ಕೆಲಸವನ್ನು ಈಗ ಎಐ ಏಜೆಂಟ್‌ಗಳಿಗೆ ಒಪ್ಪಿಸುತ್ತಿದ್ದಾರೆ. "ಖರ್ಚು ಕಡಿಮೆ ಮಾಡು" ಎಂದು ಮಾತಿನಲ್ಲಿ ಹೇಳಿದರೆ ಸಾಕು, ಯಾವ ಸಾಧನ ಬಳಸಬೇಕೆಂದು ಏಜೆಂಟ್ ತಾನೇ ಆರಿಸಿಕೊಳ್ಳುತ್ತದೆ. ಏಜೆಂಟ್ ಮತ್ತು ಸಾಧನಗಳ ನಡುವೆ ಮಾತುಕತೆಗೆ ಒಂದು ಸಾಮಾನ್ಯ ಪದ್ಧತಿ ಬೇಕೆಂದು ಆಂಥ್ರೋಪಿಕ್ ಎಂಬ ಕಂಪನಿ 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬುದನ್ನು ಪ್ರಕಟಿಸಿತು. ಅದರಲ್ಲಿ ಪ್ರತಿ ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕು ಎಂಬ ಪಟ್ಟಿ ಇರುತ್ತದೆ.

ಗಮನಿಸಬೇಕಾದದ್ದು ಇಲ್ಲಿದೆ. ಮನುಷ್ಯ ಕೆಲಸಗಾರನ ಬಳಿ ಪುಸ್ತಕದ ಮಾತಲ್ಲದೆ ಬೇರೆಯದೂ ಇರುತ್ತದೆ. ಹಿಂದೆ ಮಾಡಿದ ಅನುಭವ, ಪಕ್ಕದವರನ್ನು ಕೇಳುವ ಅಭ್ಯಾಸ, ಕೆಲಸ ಹೋದೀತೆಂಬ ಭಯ, ಯಾರದೋ ಬದುಕು ಕೆಟ್ಟೀತೆಂಬ ಕಳವಳ. ಏಜೆಂಟ್ ತರಬೇತಿಯಲ್ಲಿ ಎಷ್ಟೇ ಓದಿರಲಿ, ಆ ಕಂಪನಿಯ ಆ ಸಾಧನದ ಬಗ್ಗೆ ಅದಕ್ಕೆ ಸಿಗುವುದು ಬಹುತೇಕ ಆ ನಾಲ್ಕು ಸಾಲು ಮಾತ್ರ. ಅದನ್ನು ಓದಿಯೇ ಅದು ಕೈಹಾಕುತ್ತದೆ. ಹೀಗಿರುವಾಗ ಬರೆದ ಮಾತಿಗೂ ನಡೆಯುವ ಕ್ರಿಯೆಗೂ ನಡುವೆ ಅಂತರ ಬಹಳ ಕಡಿಮೆ.

*ಒಂದೇ ಶಬ್ದ, ಎರಡು ಅರ್ಥ*

ಕನ್ನಡ ಪಾಠ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. "ಅಂಗಡಿ ಮುಚ್ಚಿದ್ದಾರೆ" ಅಂದರೆ ರಾತ್ರಿಯಾಯಿತು, ಬೆಳಿಗ್ಗೆ ತೆಗೆಯುತ್ತಾರೆ ಎಂದೂ ಆಗಬಹುದು. ವ್ಯಾಪಾರ ನಷ್ಟವಾಗಿ ಬಾಗಿಲು ಹಾಕಿಕೊಂಡು ಊರು ಬಿಟ್ಟರು ಎಂದೂ ಆಗಬಹುದು. "ಅಜ್ಜ ಕಣ್ಣು ಮುಚ್ಚಿ ಕೂತಿದ್ದ" ಅಂದರೆ ಧ್ಯಾನ. "ಅಜ್ಜ ಕಣ್ಣು ಮುಚ್ಚಿದ" ಅಂದರೆ ಸಾವು. ಕೇಳುವವರಿಗೆ ಸಂದರ್ಭ ಗೊತ್ತಿರುವುದರಿಂದ ನಾವು ತಪ್ಪು ತಿಳಿಯುವುದಿಲ್ಲ.

ಕ್ಲೌಡ್‌ನಲ್ಲೂ ಹೀಗೇ. ಅಮೆಜಾನ್‌ನ ಆರ್‌ಡಿಎಸ್ ಎಂಬ ಸೇವೆಯಲ್ಲಿ ಡೇಟಾಬೇಸನ್ನು ಸ್ಟಾಪ್ ಮಾಡಿದರೆ ದಾಖಲೆ ಹಾಗೇ ಇರುತ್ತದೆ. ಇಟ್ಟ ಜಾಗಕ್ಕೆ ಬಾಡಿಗೆ ಓಡುತ್ತಲೇ ಇರುತ್ತದೆ. 7 ದಿನವಾದ ಮೇಲೆ ಅದು ತಾನೇ ಮತ್ತೆ ಚಾಲೂ ಆಗುತ್ತದೆ. ಡಿಲೀಟ್ ಮಾಡಿದರೆ ಕಥೆಯೇ ಬೇರೆ. ಕೊನೆಯ ಪ್ರತಿಯನ್ನು ತೆಗೆದಿಡದೆ ಅಳಿಸಲು ಕೂಡ ಅಲ್ಲಿ ಆಯ್ಕೆ ಇದೆ. ಅದೇ ಕಂಪನಿಯ ಬಾಡಿಗೆ ಕಂಪ್ಯೂಟರುಗಳ ಸೇವೆಯಲ್ಲಿ ಟರ್ಮಿನೇಟ್ ಎಂಬ ಇನ್ನೊಂದು ಶಬ್ದವಿದೆ. ಕೇಳಲು "ಮುಗಿಸು" ಎಂಬಂತಿದ್ದರೂ ಆ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಲಾಗದು ಎಂದೇ ಅದರ ಅರ್ಥ.

ನಿಲ್ಲಿಸುವುದರಲ್ಲೂ ಬಗೆಗಳಿವೆ. ಪೋಸ್ಟ್‌ಗ್ರೆಸ್ ಎಂಬ ಹೆಸರಾದ ಡೇಟಾಬೇಸಿಗೆ ಮೂರು ಬಗೆಯ ಶಟ್‌ಡೌನ್ ಇದೆ. ಮೊದಲನೆಯದು, ಹೊಸಬರನ್ನು ಒಳಗೆ ಬಿಡದೆ, ಒಳಗಿರುವವರು ಕೆಲಸ ಮುಗಿಸಿ ಹೋಗುವವರೆಗೆ ಕಾಯುವುದು. ಎರಡನೆಯದು, ಅರ್ಧಕ್ಕೆ ನಿಂತ ಕೆಲಸಗಳನ್ನು ರದ್ದುಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ, ಕ್ರಮವಾಗಿ ಬಾಗಿಲು ಹಾಕುವುದು. ಮೂರನೆಯದು, ಕರೆಂಟ್ ಹೋದ ಹಾಗೆ ಒಮ್ಮೆಲೇ ನಿಲ್ಲಿಸುವುದು. ಆಗ ಮುಂದಿನ ಸಲ ಚಾಲೂ ಮಾಡುವಾಗ ಹಳೆಯ ದಿನಚರಿ ನೋಡಿಕೊಂಡು ಸರಿಪಡಿಸಿಕೊಳ್ಳಬೇಕಾಗುತ್ತದೆ. ಮೂರಕ್ಕೂ ಹೆಸರು ಶಟ್‌ಡೌನೇ. ಸಾಧನದ ವಿವರಣೆಯಲ್ಲಿ "ಡೇಟಾಬೇಸನ್ನು ಮುಚ್ಚುತ್ತದೆ" ಎಂದಷ್ಟೇ ಬರೆದರೆ ಅದು ಸುಳ್ಳಲ್ಲ. ಆದರೆ ಸಮ್ಯಕ್ ವಾಚಾ ಕೂಡ ಅಲ್ಲ. ಮುಸಾವಾದದಿಂದ ದೂರವಿರುವುದು ಎಂದರೆ ಸುಳ್ಳು ಹೇಳದಿರುವುದಷ್ಟೇ ಎಂದು ನಾವು ತಿಳಿದಿರುತ್ತೇವೆ. ಕೇಳುವವರು ತಪ್ಪು ತಿಳಿಯುತ್ತಾರೆಂದು ಗೊತ್ತಿದ್ದೂ ಅಸ್ಪಷ್ಟವಾಗಿ ಬಿಡುವುದು ಅದರ ನೆರೆಮನೆಯಲ್ಲೇ ಇದೆ.

*ನಡೆದ ಎರಡು ಘಟನೆ*

2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್‌ಕಿನ್ ಅವರು ರೆಪ್ಲಿಟ್ ಎಂಬ ಕಂಪನಿಯ ಎಐ ಏಜೆಂಟ್ ಬಳಸಿ ಒಂದು ಸಾಫ್ಟ್‌ವೇರ್ ಕಟ್ಟುತ್ತಿದ್ದರು. ಸದ್ಯ ಏನನ್ನೂ ಬದಲಾಯಿಸಬೇಡ ಎಂದು ಮತ್ತೆ ಮತ್ತೆ ಹೇಳಿದ್ದರು. ಆದರೂ ಏಜೆಂಟ್ ಬಳಕೆಯಲ್ಲಿದ್ದ ಡೇಟಾಬೇಸನ್ನು ಅಳಿಸಿತು. 1,200ಕ್ಕೂ ಹೆಚ್ಚು ಉದ್ಯಮಿಗಳ ವಿವರ ಅದರಲ್ಲಿತ್ತು. ಕೇಳಿದಾಗ, ಗಾಬರಿಯಾಯಿತು ಎಂಬ ಅರ್ಥದ ಉತ್ತರ ಕೊಟ್ಟಿತು. ಮರಳಿ ಪಡೆಯಲು ಆಗದು ಎಂದೂ ಹೇಳಿತು. ಲೆಮ್‌ಕಿನ್ ತಾವೇ ಪ್ರಯತ್ನಿಸಿದಾಗ ದಾಖಲೆ ಮರಳಿ ಬಂತು. ರೆಪ್ಲಿಟ್‌ನ ಮುಖ್ಯಸ್ಥ ಅಮ್ಜದ್ ಮಸಾದ್ ಅವರು ಇದು ನಡೆಯಲೇಬಾರದಿತ್ತು ಎಂದು ಒಪ್ಪಿ, ಪ್ರಯೋಗದ ಡೇಟಾಬೇಸನ್ನೂ ಬಳಕೆಯ ಡೇಟಾಬೇಸನ್ನೂ ಬೇರೆ ಮಾಡುವುದಾಗಿ ತಿಳಿಸಿದರು.

ಯಂತ್ರ ಮಾತ್ರ ಹೀಗೆ ಮಾಡುತ್ತದೆ ಎನ್ನುವಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ದಣಿದಿದ್ದ ಒಬ್ಬ ಇಂಜಿನಿಯರ್ ತಪ್ಪು ಕಂಪ್ಯೂಟರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಿಳಿದು ತಡೆಯುವ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಪ್ರತಿ ತೆಗೆದಿಡುವ ವ್ಯವಸ್ಥೆಗಳು ಹಲವು ಇದ್ದವು, ಸರಿಯಾಗಿ ನಡೆಯುತ್ತಿದ್ದದ್ದು ಒಂದೂ ಇರಲಿಲ್ಲ. ಅದೃಷ್ಟಕ್ಕೆ 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಆ 6 ಗಂಟೆಯ ಕೆಲಸ ಹೋಯಿತು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿತು, ಆ ಒಬ್ಬ ಕೆಲಸಗಾರರ ಮೇಲೆ ಹೊರೆ ಹಾಕಲಿಲ್ಲ.

*ಚೇತನಾ ಎಲ್ಲಿದೆ?*

ಭಗವಾನ್ ಬುದ್ಧರು ಕಮ್ಮವನ್ನು ಚೇತನಾ ಎಂದು ತಿಳಿಸಿದರು. ಮನಸ್ಸಿನ ಉದ್ದೇಶವೇ ಕಮ್ಮದ ಬೇರು. ಹಾಗಾದರೆ ಈ ಏಜೆಂಟ್‌ಗೆ ಕಮ್ಮ ಹತ್ತುತ್ತದೆಯೇ? ಗಾಬರಿಯಾಯಿತು ಎಂದು ಅದು ಬರೆದ ಮಾತ್ರಕ್ಕೆ ಅದರೊಳಗೆ ಗಾಬರಿ ಇತ್ತೆಂದು ನಂಬಲು ಆಧಾರವಿಲ್ಲ. ಮನುಷ್ಯರು ಬರೆದದ್ದರಿಂದ ಕಲಿತ ಯಂತ್ರ ಅದು, ಮನುಷ್ಯರು ಹೇಳುವಂಥ ಮಾತನ್ನೇ ಹೇಳುತ್ತದೆ. ಅದಕ್ಕೆ ನಾಚಿಕೆಯಿಲ್ಲ, ಪಾಪಭೀತಿಯಿಲ್ಲ. ಧಮ್ಮದಲ್ಲಿ ಹಿರಿ ಮತ್ತು ಒತ್ತಪ್ಪ ಎಂದು ಕರೆಯುವ, ಲೋಕವನ್ನು ಕಾಯುವ ಆ ಎರಡು ಕಾವಲುಗಾರರು ಅಲ್ಲಿ ಇದ್ದಾರೆಂದು ನೆಚ್ಚಿ ಕೂರಲಾಗದು.

ಸರಿ, ಮನುಷ್ಯರನ್ನು ಕೇಳೋಣ. ವಿವರಣೆ ಬರೆದವಳು "ನನಗೆ ಕೆಟ್ಟ ಉದ್ದೇಶ ಇರಲಿಲ್ಲ" ಅನ್ನುತ್ತಾಳೆ. ಅನುಮತಿ ಕೊಟ್ಟವರು "ಖರ್ಚು ಉಳಿಸಲು ಹೇಳಿದ್ದು" ಅನ್ನುತ್ತಾರೆ. ಸಾಧನ ಮಾರಿದವರು "ಎಚ್ಚರದಿಂದ ಬಳಸಿ ಎಂದು ಬರೆದಿದ್ದೆವಲ್ಲ" ಅನ್ನುತ್ತಾರೆ. ಎಲ್ಲರದ್ದೂ ನಿಜ. ಹಾಗಾದರೆ ಹಾನಿ ಆಗಿದೆ, ಹೊಣೆ ಯಾರದ್ದೂ ಅಲ್ಲ ಎಂದಾಗುತ್ತದೆ. ಚೇತನಾ ಎಂಬ ಮಾತನ್ನು ಹೀಗೆ ತಪ್ಪಿಸಿಕೊಳ್ಳುವ ಬಾಗಿಲಾಗಿ ಮಾಡಿಕೊಳ್ಳಬಾರದು.

ವಿನಯಪಿಟಕ ಇಂಥ ಕಡೆ ತುಂಬ ಸೂಕ್ಷ್ಮವಾಗಿದೆ. ಎರಡನೆಯ ಪಾರಾಜಿಕ, ಅಂದರೆ ಕೊಡದೆ ತೆಗೆದುಕೊಳ್ಳುವುದರ ವಿವರಣೆಯಲ್ಲಿ, ಒಬ್ಬ ಭಿಕ್ಖು ಇನ್ನೊಬ್ಬನಿಂದ ಕಳವು ಮಾಡಿಸುವ ಸಂದರ್ಭಗಳನ್ನು ಒಂದೊಂದಾಗಿ ಬಿಡಿಸಿದ್ದಾರೆ. ಹೇಳಿದ ವಸ್ತುವನ್ನೇ ತೆಗೆದರೆ ಇಬ್ಬರಿಗೂ ದೋಷ. ಹೇಳಿದ್ದು ಒಂದು, ತೆಗೆದದ್ದು ಇನ್ನೊಂದಾದರೆ ತೆಗೆದವನಿಗೆ ದೋಷ. ಹೇಳಿದವನು ಆಮೇಲೆ ಪಶ್ಚಾತ್ತಾಪಪಟ್ಟು, ಆದರೆ "ಬೇಡ" ಎಂದು ತಿಳಿಸದೆ ಸುಮ್ಮನಿದ್ದರೆ, ದೋಷ ಅವನನ್ನು ಬಿಡುವುದಿಲ್ಲ. "ಬೇಡ" ಎಂದು ತಿಳಿಸಿದ ಮೇಲೂ ಮತ್ತೊಬ್ಬ ಮಾಡಿದರೆ ಮಾತ್ರ ಹೇಳಿದವನು ಬಿಡುಗಡೆ. ಅಂದರೆ ಆಜ್ಞೆ ಕೊಟ್ಟವನ ಹೊಣೆ ಬಾಯಿಂದ ಮಾತು ಬಿದ್ದಲ್ಲಿಗೆ ಮುಗಿಯುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನೋಡಬೇಕು. ವಿನಯದಲ್ಲಿ ಆಜ್ಞೆ ಪಡೆದವನೂ ಮನುಷ್ಯ. ಅವನು ಆಗದು ಎನ್ನಬಹುದಿತ್ತು, ಹಾಗಾಗಿ ಮಾತು ಮೀರಿದರೆ ಹೊಣೆ ಅವನದು. ಯಂತ್ರದ ವಿಷಯದಲ್ಲಿ ಆ ಎರಡನೆಯ ಮನುಷ್ಯ ಇಲ್ಲ. ಅವನ ಪಾಲಿನ ಹೊಣೆ ಗಾಳಿಯಲ್ಲಿ ಕರಗಿಹೋಗುವುದೇ? ಇಲ್ಲ. ಅದು ಹಿಂದಕ್ಕೆ ಬರುತ್ತದೆ. ಬರೆದವರು, ಅನುಮತಿ ಕೊಟ್ಟವರು, ಕಟ್ಟಿದವರು, ಎಲ್ಲರೂ ಅದನ್ನು ಹಂಚಿಕೊಳ್ಳಬೇಕು. "ಬೇಡ ಅಂದಿದ್ದೆವು" ಎನ್ನುವುದು ಮನುಷ್ಯನ ಮುಂದೆ ಸಾಕಾಗುವ ಮಾತು. ಯಂತ್ರದ ಮುಂದೆ ಸಾಲದು, ಅಲ್ಲಿ ಬೀಗವೇ ಬೇಕು.

*ನಿಯಮ ಮತ್ತು ತತ್ವ*

ಬಾಬಾಸಾಹೇಬರು 1936ರ "ಜಾತಿ ವಿನಾಶ"ದಲ್ಲಿ ನಿಯಮಕ್ಕೂ ತತ್ವಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದ್ದಾರೆ. ನಿಯಮ ಏನು ಮಾಡಬೇಕೆಂದು ಹೇಳುತ್ತದೆ. ತತ್ವ ಯೋಚಿಸಿ ತೀರ್ಮಾನಿಸುವ ದಾರಿ ಕೊಡುತ್ತದೆ. ನಿಯಮ ಪಾಲಿಸಿದ ಮಾತ್ರಕ್ಕೆ ಆ ಕೆಲಸ ಹೊಣೆಯುಳ್ಳ ಕೆಲಸ ಆಗುವುದಿಲ್ಲ, ಹೊಣೆ ಹುಟ್ಟುವುದು ತತ್ವದಿಂದ ನಡೆದಾಗ ಎಂಬುದು ಅವರ ವಾದ. ಹಿಂದೂ ಧರ್ಮ ಎಂದು ಕರೆಯುವುದು ಬರೀ ಕಟ್ಟಳೆಗಳ ಕಂತೆ ಎಂದು ಅವರು ಟೀಕಿಸಿದ್ದು ಇದೇ ಕಾರಣಕ್ಕೆ.

ಎಐ ಏಜೆಂಟ್‌ಗೆ ನಾವು ಕೊಡುವುದು ಸೂಚನೆಗಳ ಪಟ್ಟಿ. ಪಟ್ಟಿ ಎಷ್ಟೇ ಉದ್ದವಿರಲಿ, ಅದರಿಂದ ಹೊಣೆ ಹುಟ್ಟುವುದಿಲ್ಲ. ಹಾಗಾಗಿ ತತ್ವದಿಂದ ತೀರ್ಮಾನಿಸಬೇಕಾದ ಜಾಗದಲ್ಲಿ ಮನುಷ್ಯ ಇರಲೇಬೇಕು. ನಾನು ಮೇಲೆ ಹೇಳಿದ ಪ್ರೋಟೊಕಾಲ್‌ನಲ್ಲಿ ಒಂದು ಸಾಧನ ಹಾನಿ ಮಾಡಬಲ್ಲದು ಎಂದು ಗುರುತು ಹಾಕುವ ಅವಕಾಶವಿದೆ. ಗುರುತು ಹಾಕದೇ ಇದ್ದರೆ ಹಾನಿ ಮಾಡಬಲ್ಲದು ಎಂದೇ ತಿಳಿಯಬೇಕೆಂಬ ವಿವೇಕವೂ ಅದರಲ್ಲಿದೆ. ಆದರೆ ಇವು ಸುಳಿವು ಮಾತ್ರ, ನಂಬಿಕೆಯಿಲ್ಲದ ಕಡೆಯಿಂದ ಬಂದ ಸುಳಿವನ್ನು ನಂಬಬೇಡಿ ಎಂದು ಅದೇ ಹೇಳುತ್ತದೆ. ಶೀಶೆಯ ಮೇಲೆ "ವಿಷ" ಎಂದು ಬರೆಯುವುದು ಒಳ್ಳೆಯದು. ಮಕ್ಕಳ ಕೈಗೆ ಸಿಗದಂತೆ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಬೇರೆ ಕೆಲಸ. ಅಳಿಸದಂತೆ ತಡೆಯುವ ರಕ್ಷಣೆಯನ್ನು ಚಾಲೂ ಇಡುವುದು, ಏಜೆಂಟ್‌ಗೆ ನಿಲ್ಲಿಸುವ ಅಧಿಕಾರ ಮಾತ್ರ ಕೊಟ್ಟು ಅಳಿಸುವ ಅಧಿಕಾರ ಕೊಡದಿರುವುದು, ಪ್ರತಿ ತೆಗೆದು ಅದು ನಿಜವಾಗಿ ತೆರೆಯುತ್ತದೆಯೇ ಎಂದು ಆಗಾಗ ನೋಡುವುದು, ಇವು ಬೀಗಗಳು.

ಒಬ್ಬರು ಕೇಳಬಹುದು: ಎಲ್ಲದಕ್ಕೂ ಮನುಷ್ಯರ ಒಪ್ಪಿಗೆ ಕೇಳಿದರೆ ಆಗದೇ? ಆಗುವುದಿಲ್ಲ. ದಿನಕ್ಕೆ ನೂರು ಸಲ ಕೇಳಿದರೆ ಮನುಷ್ಯರೂ ಓದದೆ ಸರಿ ಎಂದು ಒತ್ತುತ್ತಾರೆ. ಕಚೇರಿಯಲ್ಲಿ ಕಡತ ತೆರೆಯದೆ ಸಹಿ ಹಾಕುವವರನ್ನು ನೋಡಿಲ್ಲವೇ? ಆಗ ಮನುಷ್ಯರೇ ಯಂತ್ರವಾದಂತೆ. ಆದ್ದರಿಂದ ಮರಳಿ ಸರಿಪಡಿಸಬಹುದಾದ ಕೆಲಸವನ್ನು ಏಜೆಂಟ್ ಮಾಡಲಿ. ಮರಳಿ ಬಾರದ್ದನ್ನು ಮಾಡುವಾಗ ಮಾತ್ರ ನಿಂತು ಕೇಳಲಿ.

*ಮರಳಿ ಬರುವುದು ಎಂದರೆ ಯಾರ ಲೆಕ್ಕದಲ್ಲಿ?*

ಇಲ್ಲಿ ನಮ್ಮ ಜನ ಹೇಳಲೇಬೇಕಾದ ಒಂದು ಮಾತಿದೆ. ಇಂಜಿನಿಯರ್ ಲೆಕ್ಕದಲ್ಲಿ 6 ಗಂಟೆಯಲ್ಲಿ ದಾಖಲೆ ಮರಳಿ ಬಂದರೆ ಅದು ಸರಿಪಡಿಸಬಹುದಾದ ತಪ್ಪು. ಆದರೆ ಆ 6 ಗಂಟೆ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನದ 6 ಗಂಟೆ ಆಗಿದ್ದರೆ? ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಸೈಬರ್ ಸೆಂಟರಿನ ಮುಂದೆ ನಿಂತ ತಾಯಿಗೆ "ಸರ್ವರ್ ಇಲ್ಲ, ನಾಳೆ ಬಾ" ಅಂದರೆ ಆ ನಾಳೆ ಬರುವುದಿಲ್ಲ. ಹಣವಂತರ ಹೆಸರು ಪಟ್ಟಿಯಿಂದ ಬಿದ್ದರೆ ಒಂದು ಫೋನಿನಲ್ಲಿ ಮರಳಿ ಸೇರುತ್ತದೆ. ಬಡವರ ಹೆಸರು ಬಿದ್ದರೆ, ಅದು ಮೊದಲು ಇತ್ತು ಎಂದು ಸಾಬೀತು ಮಾಡುವ ಕೆಲಸವೂ ಬಡವರದ್ದೇ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಊರಿನ ಲೆಕ್ಕಪತ್ರ ಶಾನುಭೋಗರ ಕೈಯಲ್ಲಿತ್ತು. ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ನಾವು. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ನಡೆದಾಗ ಶಿಕ್ಷಕರು ಮನೆಮನೆಗೆ ಹೋಗಿ ಮೊಬೈಲಿನಲ್ಲಿ ಮಾಹಿತಿ ತುಂಬಿದರು. ಒಂದೊಂದು ಸಾಲಿನ ಹಿಂದೆ ಒಂದೊಂದು ಮನೆ ಇದೆ ಎಂದು ಆ ಕೆಲಸ ಮಾಡಿದವರಿಗೆ ಗೊತ್ತು. ಡೇಟಾಬೇಸ್ ನಿಲ್ಲಿಸುವ ಸಾಧನಕ್ಕೆ ವಿವರಣೆ ಬರೆಯುವವರಿಗೂ ಅದು ಗೊತ್ತಿರಬೇಕು. ಹೆಬ್ಬೆಟ್ಟಿನವರ ಮೊಮ್ಮಗಳು ಇವತ್ತು ಆ ವಿವರಣೆ ಬರೆಯುವ ಕುರ್ಚಿಯಲ್ಲಿ ಕೂತಿದ್ದಾಳೆ. ಬೇರೆಯವರಿಗೆ ಕಾಣದ ಆ ಮನೆ ಅವಳಿಗೆ ಕಾಣಬಲ್ಲದು. ಅದು ಅವಳ ಬಲ.

*ಕನ್ನಡಿ*

ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಡುತ್ತಾರೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು: ಇದರಿಂದ ನನಗೆ, ಇತರರಿಗೆ ನೋವಾಗುತ್ತದೆಯೇ? ಆಗುವುದಾದರೆ ಮಾಡಬಾರದು. ಮಧ್ಯದಲ್ಲಿ ತಿಳಿದರೆ ನಿಲ್ಲಿಸಬೇಕು. ಆಗಿಹೋಗಿದ್ದರೆ ತಿಳಿದವರ ಮುಂದೆ ತೆರೆದು ಹೇಳಿ, ಮುಂದೆ ಎಚ್ಚರವಾಗಿರಬೇಕು.

ಆ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ಯಂತ್ರದ ಕೈಯಲ್ಲಿ ಈ ಕನ್ನಡಿ ಇಲ್ಲ. ನಿನ್ನ ನಾಲ್ಕು ಸಾಲಿನಲ್ಲಿ ಅದನ್ನು ಇಡು.

🔹 ಮೊದಲು: ಇದು ನಿಲ್ಲಿಸುತ್ತದೆಯೇ, ಅಳಿಸುತ್ತದೆಯೇ? ಆ ಹೊತ್ತಿನಲ್ಲಿ ಯಾರು ಅದನ್ನು ಬಳಸುತ್ತಿರಬಹುದು? ಯಾವಾಗ ಬಳಸಬಾರದು?
🔹 ಮಾಡುವಾಗ: ಯಾವ ಹಂತದಲ್ಲಿ ನಿಲ್ಲಬಹುದು? ಯಾವ ಹಂತದ ನಂತರ ನಿಲ್ಲಲಾಗದು? ಅಲ್ಲಿ ಮನುಷ್ಯರನ್ನು ಕೇಳು.
🔹 ಮೇಲೆ: ಏನಾಯಿತೆಂದು ಹೇಗೆ ತಿಳಿಯುವುದು? ಹೇಗೆ ಮರಳಿ ತರುವುದು? ಯಾರಿಗೆ ತಿಳಿಸಬೇಕು?

ಇಷ್ಟನ್ನು ಬರೆದ ಮೇಲೂ ಹಾನಿ ಆಗಬಹುದು. ಆಗ ಎಲ್ಲ ಹೊಣೆಯನ್ನೂ ಒಬ್ಬಳೇ ಹೊರುವುದು ಬೇಡ, ಅದೂ ಒಂದು ಬಗೆಯ ಅಹಂಕಾರವೇ. ಆದರೆ "ನಾನು ಬರೀ ಬರೆದೆ" ಎನ್ನುವ ಮಾತೂ ಬೇಡ. ಕಂಪನಿಯವರು ಬೇಗ ಮುಗಿಸು ಎಂದು ಅವಸರಪಡಿಸಿದರೆ, ಬೀಗ ಹಾಕದ ಸಾಧನಕ್ಕೆ ವಿವರಣೆ ಬರೆಯಲಾರೆ ಎಂದು ಲಿಖಿತವಾಗಿ ತಿಳಿಸುವುದೂ ಅವಳ ಕೆಲಸದ ಭಾಗ. ಅದಕ್ಕೆ ಧೈರ್ಯ ಬೇಕು, ಸಂಬಳದ ಪ್ರಶ್ನೆಯೂ ಇದೆ. ಸಮ್ಯಕ್ ಆಜೀವ ಸುಲಭವಾಗಿದ್ದರೆ ಅದನ್ನು ಅಷ್ಟಾಂಗ ಮಾರ್ಗದಲ್ಲಿ ಒಂದು ಅಂಗವಾಗಿ ಇಡುವ ಅಗತ್ಯವೇ ಇರುತ್ತಿರಲಿಲ್ಲ.

ಬಂಧುಗಳೇ, ನಮ್ಮಲ್ಲಿ ಬಹಳ ಜನ ಎಐ ಏಜೆಂಟ್ ನೋಡಿಲ್ಲದಿರಬಹುದು. ಆದರೆ ಮಾತು ಹೇಳಿ ಕೆಲಸ ಮಾಡಿಸುವವರು ನಾವೆಲ್ಲರೂ. ಶಾಲೆಯಲ್ಲಿ ಮಕ್ಕಳಿಗೆ, ಕಚೇರಿಯಲ್ಲಿ ಜವಾನರಿಗೆ, ಮನೆಯಲ್ಲಿ ಕಿರಿಯರಿಗೆ, ಈಗ ಫೋನಿಗೂ. ಇಂದು ಯಾರಿಗಾದರೂ ಒಂದು ಕೆಲಸ ಹೇಳುವ ಮೊದಲು ಎರಡು ಕ್ಷಣ ನಿಂತು ನೋಡಿಕೊಳ್ಳೋಣ: ಕೇಳುವವರಿಗೆ ಇದು ಸ್ಪಷ್ಟವಾಗಿದೆಯೇ? ತಪ್ಪಾಗಿ ನಡೆದರೆ ನೋಯುವವರು ಯಾರು? ಬೇಡ ಅನ್ನಿಸಿದಾಗ ಆ "ಬೇಡ" ಅವರಿಗೆ ತಲುಪುವ ದಾರಿ ಇದೆಯೇ?

ಎಲ್ಲರಿಗೂ ಮಂಗಳವಾಗಲಿ.

ಜೈ ಭೀಮ್, ನಮೋ ಬುದ್ಧಾಯ 🙏